ಕಿರಣನ ಸ್ನೋಮೊಬೈಲಿನ ಬಲಗಡೆ ಹಿಡಿ

ಸತ್ತ ಹುಡುಗನ ಸ್ನೋಮೊಬೈಲ್ ಗರಾಜಿನಲ್ಲಿ ತಾನಾಗಿಯೇ ಸ್ಟಾರ್ಟ್ ಆಯಿತು, ದೀಪ ಉರಿಯಿತು ಎಂದು ಅಮೆರಿಕದ ಫೇರ್‌ಫ್ಯಾಕ್ಸ್ ಊರಿನ ಕನ್ನಡಿಗರು ಕತೆ ಹೇಳುತ್ತಾರೆ. ಶುದ್ಧ ಸುಳ್ಳು. ಎಂಜಿನ್ ಅಲುಗಲಿಲ್ಲ, ದೀಪ ಮಿಣುಕಲೂ ಇಲ್ಲ. ಅದರ ವೈರುಗಳನ್ನು ಜೋಡಿಸಿದವನು ನಾನೇ. ದೆವ್ವಗಳನ್ನು ನಾನು ನಂಬಿದವನಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅವುಗಳ ವಿರುದ್ಧ ವಾದಿಸಿ ಗೆದ್ದವನು. ನಡೆದದ್ದನ್ನು ಹೇಳುತ್ತೇನೆ, ನೀವೇ ತೂಗಿ ನೋಡಿ.

ತೊಂಬತ್ತರ ದಶಕದ ಒಂದು ಚಳಿಗಾಲ. ವಿಮಲಾ ಆಂಟಿಯ ಒಬ್ಬನೇ ಮಗ ಕಿರಣ್ ಹಿಂದಿನ ಬೇಸಿಗೆಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಿದ್ದ. ಹಿಮದ ಮೇಲೆ ಅವನು ಓಡಿಸುತ್ತಿದ್ದ ಆ ಗಾಡಿಯ ಹ್ಯಾಂಡಲಿನ ಬಲಗಡೆ ಹಿಡಿ ಇನ್ನೂ ಬೆಚ್ಚಗಿದೆ ಎಂದು ಆಂಟಿ ದಿನವೂ ಅದನ್ನು ಹಿಡಿದು ಕೂರುತ್ತಿದ್ದರು. ಅವರ ಗಂಡ, ನಾವೆಲ್ಲ ಡಾಕ್ಟರ್ ಅಂಕಲ್ ಎನ್ನುವವರು, ಗಾಡಿಯನ್ನು ಮಾರಲು ಹೊರಟರು. ಮಾರುವ ವಿಷಯ ಹೆಂಡತಿಗೆ ಹೇಳದೆ, ರಿಪೇರಿಗೆಂದು ಹೊಸ ಬ್ಯಾಟರಿ ತಂದು ತಾವೇ ಜೋಡಿಸಿದರು, ಫ್ಯೂಸ್ ಸುಟ್ಟುಹೋಯಿತು. ಆಗ ನನ್ನನ್ನು ಕರೆಸಿದರು.

ತಪ್ಪು ಸಿಕ್ಕಿತು. ಜೋಡಿಸುವ ಮೊದಲು ಆಂಟಿ ಹೊಸ ಬ್ಯಾಟರಿಗೆ ಪೂಜೆ ಮಾಡಿ ಎರಡೂ ಟರ್ಮಿನಲ್‌ಗಳಿಗೆ ಕುಂಕುಮ ಬಳಿದಿದ್ದರು. ಕೆಂಪು ಕಂಡಲ್ಲಿ ಅಂಕಲ್ ಕೆಂಪು ವೈರ್ ಸಿಕ್ಕಿಸಿದ್ದರು, ಅದು ತಪ್ಪು ಟರ್ಮಿನಲ್. “ನೋಡು, ನಿನ್ನ ಭಕ್ತಿ ಫ್ಯೂಸ್ ಸುಡೋಕೆ ಲಾಯಕ್ಕು,” ಎಂದರು ಹೆಂಡತಿಗೆ.

ನಾನು ಒರೆಸಿ, ಸರಿಯಾಗಿ ಜೋಡಿಸಿ, ದೀಪವನ್ನೂ ಚಳಿಗೆ ಕೈ ಬೆಚ್ಚಗಿಡಲು ಹಿಡಿಗಳೊಳಗೆ ಇಟ್ಟಿರುವ ಹೀಟರನ್ನೂ ಪರೀಕ್ಷಿಸಿದೆ. ಬಳಿಕ ಅಂಕಲ್ ಹೇಳಿದಂತೆ ಬ್ಯಾಟರಿ ಬಿಚ್ಚಿಟ್ಟೆ. ಎರಡೂ ಹಿಡಿಗಳು ತಣ್ಣಗಾದ ಮೇಲೆ ಅವರು ಆಂಟಿಯನ್ನು ಕೂಗಿದರು. ಹೊರಗೆ ಕೊಳ್ಳುವವನು ಟ್ರೇಲರ್ ಸಮೇತ ಕಾಯುತ್ತಿದ್ದ. ಹಿಡಿ ಬೆಚ್ಚಗಿದ್ದರೆ ಗಾಡಿ ಇಲ್ಲೇ ಇರುತ್ತದೆ, ಇಲ್ಲದಿದ್ದರೆ ಈಗಲೇ ಹೋಗುತ್ತದೆ ಎಂದರು ಅಂಕಲ್.

ಆಂಟಿ ಮುಟ್ಟಿದರು. “ಬೆಚ್ಚಗಿದೆ ರೀ.”

“ಮಗ ಸತ್ತಿದ್ದಾನೆ ವಿಮಲಾ. ಹೀಟರನ್ನೇ ಮಗ ಅಂದ್ಕೋಬೇಡ.” ನನ್ನತ್ತ ತಿರುಗಿ, “ನೀನು ಹೇಳಪ್ಪ, ನೀನೇ ಜಡ್ಜು,” ಎಂದರು.

ನಾನು ಎರಡನ್ನೂ ಮುಟ್ಟಿದೆ. ಎಡಗಡೆ ಹಿಡಿ ಕೊರೆಯುತ್ತಿತ್ತು. ಬಲಗಡೆಯದು ಯಾರೋ ಈಗಷ್ಟೇ ಕೈ ತೆಗೆದಂತೆ ಬೆಚ್ಚಗಿತ್ತು. ಆಂಟಿಯ ಕೈ ಬಿಸಿ ಇರಬಹುದೆಂದು ಅವರ ಬೆರಳು ಮುಟ್ಟಿ ನೋಡಿದೆ, ಮಂಜುಗಡ್ಡೆ. ಬಿಸಿ ಇದೆ ಎಂದೆ.

ಅಂಕಲ್ ನಕ್ಕು ತಾವೇ ಹಿಡಿದರು. ನಗು ನಿಂತಿತು. ಕೆಂಡ ತಾಗಿದಂತೆ ಕೈ ಕಿತ್ತುಕೊಂಡು ಕೋಟಿನ ಜೇಬಿಗೆ ಹಾಕಿದರು.

“ತಣ್ಣಗಿದೆ,” ಎಂದು ಹೊರಗಿನವನಿಗೆ ಕೈಸನ್ನೆ ಮಾಡಿದರು. ಆಂಟಿ ಒಳಗೆ ಹೋದರು. ಮತ್ತೆಂದೂ ಆ ಗರಾಜಿಗೆ ಕಾಲಿಡಲಿಲ್ಲ.

ಬ್ಯಾಟರಿಯಿಲ್ಲದ ಹೀಟರ್ ಕಾಯುವುದು ಹೇಗೆ? ಎಷ್ಟು ತರ್ಕ ಹೂಡಿದರೂ ನನ್ನ ವಾದ ನಿಲ್ಲುವುದಿಲ್ಲ. ಟ್ರೇಲರ್ ತಿರುವಿನಲ್ಲಿ ಮರೆಯಾದಾಗ ಅಂಕಲ್‌ರನ್ನು ಒಂದು ಪ್ರಶ್ನೆ ಕೇಳಿದ್ದೆ. ಅವರು ಗರಾಜಿನ ಬಾಗಿಲು ಇಳಿಸಿದರು. ಆಮೇಲೆ ಸಿಕ್ಕಾಗಲೆಲ್ಲ ಅದನ್ನೇ ಕೇಳಿದ್ದೇನೆ.

“ತಣ್ಣಗಿದ್ದ ಹಿಡಿಯಿಂದ ಕೈ ಯಾಕೆ ಹಾಗೆ ಕಿತ್ಕೊಂಡ್ರಿ ಅಂಕಲ್?”