ಒಂಬತ್ತರ ಗಾಡಿ

ಆಲಮೇಲದ ಬಸಂತರಾಯರು ಮೂವತ್ತೆರಡು ವರ್ಷ ಊರಿಗೆ ಟಪಾಲು ಹಂಚಿದವರು. ಒಂದೇ ಹೆಸರಿನ ಮೂವರಿದ್ದ ಓಣಿಯಲ್ಲೂ ಒಂದು ಕಾಗದ ತಪ್ಪು ಮನೆ ಸೇರಲಿಲ್ಲ. ವಿಳಾಸ ಮಾಸಿದ್ದರೆ ಕೈಬರಹ ನೋಡಿಯೇ, "ಇದು ಸಾವಂತ್ರವ್ವನ ತಮ್ಮಂದು" ಅನ್ನುತ್ತಿದ್ದ ಮನುಷ್ಯ.

ನಿವೃತ್ತಿಯಾದ ಮೇಲೆ, 2008ರಲ್ಲಿ, ಸಿಂದಗಿಯ ಇಂಟರ್ನೆಟ್ ಅಂಗಡಿಯ ಹುಚ್ಚು ಹತ್ತಿತು. ಯಾರು ಬೇಕಾದರೂ ತಮ್ಮೂರಿನ ಸಂಗತಿ ಬರೆಯಬಹುದಾದ ತಾಣವೊಂದಿತ್ತು. ರಾಯರು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು: ಆಲಮೇಲದಿಂದ ಸಿಂದಗಿಗೆ ಬಸ್ಸು, ಮುಂಜಾನೆ ಒಂಬತ್ತಕ್ಕೆ.

"ಖಾತ್ರಿ ಐತೇನ್ರಿ ಅಜ್ಜಾರ?" ಅಂಗಡಿಯ ಅಮಿತ ಕೇಳಿದ.

"ಏ, ಊರಾಗ ಯಾರನ್ನರೆ ಕೇಳು. ಕೂಸಿಗೂ ಗೊತ್ತೈತಿ."

ಕೆಲವು ತಿಂಗಳ ಮೇಲೆ ಒಂದು ಮುಂಜಾನೆ ಬಸ್‌ಸ್ಟ್ಯಾಂಡಿನ ಕಟ್ಟೆಯಲ್ಲಿ ಚಹಾ ಕುಡಿಯುತ್ತಿದ್ದರು. ಒಂಬತ್ತಕ್ಕೆ ಹತ್ತು ನಿಮಿಷವಿತ್ತು. ಫೈಲು ಹಿಡಿದ ಹುಡುಗಿಯೊಬ್ಬಳು ಬಂದಳು. ಹೆಸರು ಸುವರ್ಣಾ, ನಿನ್ನೆ ಸೊಲ್ಲಾಪುರದಿಂದ ಅಕ್ಕನ ಮನೆಗೆ ಬಂದವಳು. ಸಿಂದಗಿಯಲ್ಲಿ ಬಸ್ಸು ಬದಲಿಸಿ ಹೋಗಬೇಕಾದ ಬಸವನ ಬಾಗೇವಾಡಿಯಲ್ಲಿ ಮಧ್ಯಾಹ್ನ ಒಂದಕ್ಕೆ ಶಿಕ್ಷಕಿ ಕೆಲಸದ ಸಂದರ್ಶನ.

"ಒಂಬತ್ತರ ಗಾಡಿ ಬಂದಿಲ್ಲೇನ್ರಿ ಅಜ್ಜಾರ?"

"ಹೋಗಿ ಅರ್ಧಾ ತಾಸಾತಲ್ಲವಾ. ಅದು ಎಂಟೂಕಾಲಕ್ಕ ಬಿಡ್ತೈತಿ."

"ಇಂಟರ್ನೆಟ್ಟಿನ್ಯಾಗ ಒಂಬತ್ತಂತ ಬರದಾರಲ್ರಿ! ಎರಡು ಕಡೆ ನೋಡೀನಿ. ನಮ್ಮಕ್ಕನೂ ಒಂಬತ್ತರ ಗಾಡಿಗೆ ಹೋಗಂದ್ಲು!"

ರಾಯರು ಚಹಾದ ಲೋಟ ಕೆಳಗಿಟ್ಟರು. ಹತ್ತು ವರ್ಷದ ಹಿಂದೆ ಆ ಬಸ್ಸಿನ ವೇಳೆ ಬದಲಾಗಿತ್ತು, ಹೆಸರು ಬದಲಾಗಿರಲಿಲ್ಲ. ಊರವರು 'ಒಂಬತ್ತರ ಗಾಡಿ' ಅನ್ನುತ್ತಲೇ ಎಂಟಕ್ಕೆ ಬಂದು ನಿಲ್ಲುತ್ತಿದ್ದರು.

"ನಾನಽ ಬರದೀನಿ, ಯವ್ವಾ."

"ನೀವು ಎಷ್ಟಕ್ಕ ಬಂದು ಹತ್ತತೀರಿ?"

"ಎಂಟೂಕಾಲಕ್ಕ."

"ಮತ್ತ ಒಂಬತ್ತಂತ ಯಾಕ ಬರದ್ರಿ?"

"ಅದರ ಹೆಸರಽ ಒಂಬತ್ತರ ಗಾಡಿ…"

ಚಹಾದಂಗಡಿಯ ಗೈಬುಸಾಬ ಕಿಸಕ್ಕನೆ ನಕ್ಕ. ಹುಡುಗಿ ನಗಲಿಲ್ಲ. ರಾಯರು ಓಡಾಡಿ ಹುಡುಕಿದರೂ ಒಂದು ಜೀಪು ಸಿಗಲಿಲ್ಲ. ಮುಂದಿನ ಬಸ್ಸು ಹನ್ನೊಂದಕ್ಕೆ; ಅಲ್ಲಿಯವರೆಗೂ ಅವಳು ಫೈಲನ್ನು ಎದೆಗೆ ಅವುಚಿಕೊಂಡು ಕೂತಳು. ಮುಟ್ಟುವಷ್ಟರಲ್ಲಿ ಸಂದರ್ಶನ ಮುಗಿದಿತ್ತೆಂದು ಆಮೇಲೆ ಅಕ್ಕನಿಂದ ತಿಳಿಯಿತು.

ಮರುದಿನವೇ ರಾಯರು ಸಿಂದಗಿಗೆ ಹೋಗಿ ತಮ್ಮ ಸಾಲು ತಿದ್ದಿದರು. ಆದರೆ ಇನ್ನೊಂದು ತಾಣ ಅದೇ ಸಾಲನ್ನು ಎತ್ತಿಕೊಂಡಿತ್ತು.

"ಅದನ್ನ ತಿದ್ದೂದು ನಮ್ಮ ಕೈಯಾಗಿಲ್ರಿ," ಅಂದ ಅಮಿತ.

ಅಂದಿನಿಂದ ಎಂಟೂಕಾಲರ ಬಸ್ಸು ಹೋದ ಮೇಲೂ ರಾಯರು ಒಂಬತ್ತರವರೆಗೆ ಕಟ್ಟೆ ಬಿಟ್ಟು ಏಳುವುದಿಲ್ಲ. ಯಾರಾದರೂ ಚೀಲ ಹಿಡಿದು ಓಡಿ ಬಂದರೆ ಎದ್ದು ನಿಲ್ಲುತ್ತಾರೆ. ಗಾಡಿ ಹೋಯಿತು ಅನ್ನುವ ಮೊದಲು ಅವರ ಬಾಯಲ್ಲಿ ಬರುವ ಮಾತು ಒಂದೇ:

"ತಪ್ಪು ನಂದೈತ್ರಿ."