ಪಾಸಿಂಗಿಗೆ ನಿಂತ ಯುದ್ಧವಿಮಾನ

ಸ್ಕೂಟರಿನ ಮಡ್‌ಗಾರ್ಡ್ ನಜ್ಜುಗುಜ್ಜಾದದ್ದು ಹೇಗೆಂದು ಕೇಳಿದವರಿಗೆಲ್ಲ ದನ ಅಡ್ಡ ಬಂತು ಎಂದಿದ್ದೇನೆ. ನಿಜ ಏನೆಂದರೆ, ಕಡಬದ ದಾರಿಯಲ್ಲಿ ನಮ್ಮ ಊರಿನ ಪುಢಾರಿಯೊಬ್ಬರ ಭಾಷಣವನ್ನು ಒಬ್ಬನೇ ಅಭ್ಯಾಸ ಮಾಡುತ್ತ ಹೋಗುತ್ತಿದ್ದವನು, "ಆತ್ಮೀಯ ಬಂಧುಗಳೇ" ಎನ್ನುವಲ್ಲಿ ಥೇಟ್ ಅವರ ಹಾಗೆಯೇ ಎರಡೂ ಕೈ ಮೇಲೆತ್ತಿದೆ. ಮಿಮಿಕ್ರಿ ನನ್ನ ಅರ್ಧ ಹೊಟ್ಟೆಪಾಡು. ಮೆಹಂದಿ ಕಾರ್ಯಕ್ರಮ, ಶಾಲಾ ವಾರ್ಷಿಕೋತ್ಸವ, ಆರ್ಕೆಸ್ಟ್ರಾದ ಗಾಯಕಿ ಬರುವುದು ತಡವಾದಾಗ ಜನ ಏಳದಂತೆ ಹಿಡಿದಿಡುವುದು, ಇವೆಲ್ಲ ನನ್ನ ಕೆಲಸ. ಉಳಿದರ್ಧ ಹೊಟ್ಟೆಗೆ ಮೊಬೈಲ್ ರಿಪೇರಿ.

ಮಡ್‌ಗಾರ್ಡ್ ಸರಿ ಮಾಡಿಸಲು ನರಿಮೊಗರಿನ ಹತ್ತಿರ ಇರುವ ಒಬ್ಬ ಬ್ಯಾರಿ ಪೈಂಟರ್ ಕಾಕನ ಶೆಡ್ಡಿಗೆ ಹೋದೆ. ಪುತ್ತೂರು, ಸುಳ್ಯ ಕಡೆ ಓಡುವ ಎಷ್ಟೋ ಖಾಸಗಿ ಬಸ್ಸುಗಳ ಮೈಬಣ್ಣ, ಹೆಸರು, ಹಿಂದಿನ ಗಾಜಿನ ಮೇಲಿನ ನವಿಲು, ಎಲ್ಲವೂ ಇವರ ಕೈಯವು. ಗೇಟು ದಾಟಿದ ಕೂಡಲೇ ಎರಡು ಬಸ್ಸುಗಳ ನಡುವೆ ಒಂದು ವಿಮಾನದ ಬಾಲ ಕಂಡಿತು. ಬಾಲದ ಮುಂದೆ ರೆಕ್ಕೆ, ರೆಕ್ಕೆಯ ಮುಂದೆ ಚೂಪು ಮೂತಿ. ಮೊಸರುಕುಡಿಕೆ ಮೆರವಣಿಗೆಗೆ ಯಾರೋ ಟ್ಯಾಬ್ಲೋ ಮಾಡಿಸುತ್ತಿದ್ದಾರೆ ಎಂದುಕೊಂಡೆ.

"ಥರ್ಮೋಕೋಲ್ ಒಳ್ಳೆ ಕೂತಿದೆ ಕಾಕ" ಎಂದು ಹೊಗಳಿ, ಬೆರಳ ಗಂಟಿನಿಂದ ಜೋರಾಗಿ ಒಂದು ಕುಟ್ಟಿದೆ. ಕೈ ಕೊಡವಿಕೊಳ್ಳುತ್ತ ಎರಡು ಸುತ್ತು ತಿರುಗಿದೆ.

"ಅದು ಒರಿಜಿನಲ್, ಮೋನೆ" ಎಂದರು ಕಾಕ, ಬ್ರಷ್ ತೊಳೆಯುತ್ತಲೇ. ಊರಿನ ಹುಡುಗರೆಲ್ಲ ಅವರಿಗೆ ಮೋನೆ, ಅಂದರೆ ಮಗ. "ಯುದ್ಧಕ್ಕೆ ಹೋಗುದು. ನಿನ್ನ ಕೈಗೆಲ್ಲ ಹೆದರುದಿಲ್ಲ."

ಹತ್ತಿರದ ಒಂದು ಶಾಲೆಯವರಿಗೆ ಮೈದಾನದಲ್ಲಿ ನಿಲ್ಲಿಸಲು ವಾಯುಪಡೆಯ ಈ ಹಳೆಯ ವಿಮಾನ ಸಿಕ್ಕಿತ್ತಂತೆ. ಲಾರಿಯಲ್ಲಿ ಬರುವಾಗ ಬಣ್ಣವೆಲ್ಲ ಎದ್ದು, ಬಾಲದೊಳಗೆ ಹಕ್ಕಿಗೂಡು ಇತ್ತಂತೆ. ಸುತ್ತಮುತ್ತ ವಿಮಾನಕ್ಕೆ ಬಣ್ಣ ಹೊಡೆಯುವವರು ಯಾರೂ ಇಲ್ಲದ್ದರಿಂದ ಬಸ್ಸಿಗೆ ಹೊಡೆಯುವವರ ಬಳಿ ತಂದಿದ್ದರು. ಕಾಕ ಹಳೆ ಬಣ್ಣ ಉಜ್ಜಿ ತೆಗೆದು, ತಗ್ಗುಗಳನ್ನೆಲ್ಲ ಬಡಿದು ಸಮ ಮಾಡಿ, ಪುಟ್ಟಿ ತುಂಬಿ, ಮಳೆಗಾಲದ ಮೋಡದ ಹಾಗಿನ ಬೂದಿ ಬಣ್ಣ ಹೊಡೆದಿದ್ದರು. ಬಿಸಿಲಿಗೆ ಅದು ಹೊಳೆಯುತ್ತಿರಲಿಲ್ಲ, ಸುಮ್ಮನೆ ಗಂಭೀರವಾಗಿ ಕೂತಿತ್ತು. ಅದರ ಅಕ್ಕಪಕ್ಕದ ಬಸ್ಸುಗಳು ಮದುವೆಗೆ ಬಂದ ಚಿಕ್ಕಮ್ಮಂದಿರ ಹಾಗೆ ಕಂಡವು.

"ಇವತ್ತು ಇದರ ಪಾಸಿಂಗ್" ಎಂದರು ಕಾಕ. ಬಸ್ಸು ಆರ್‌ಟಿಒ ಪಾಸಿಂಗಿಗೆ ಹೋಗುವ ಹಾಗೆ ವಿಮಾನಕ್ಕೂ ಒಂದು ಇದೆ ಎಂದೇ ಅವರು ನಂಬಿದ್ದರು. ಪೆರಾಬೆಯಲ್ಲಿರುವ, ವಾಯುಪಡೆಯಿಂದ ನಿವೃತ್ತರಾದ ಒಬ್ಬರು ನೋಡಲು ಬರುವವರಿದ್ದರು. ಅವರು ಒಪ್ಪಿದರೆ ವಿಮಾನ ಶಾಲೆಗೆ. ಒಪ್ಪದಿದ್ದರೆ ಹೊಡೆದ ಬಣ್ಣವನ್ನೆಲ್ಲ ಕೆರೆದು, ಕೆಲಸವನ್ನು ಮಂಗಳೂರಿನ ಪೈಂಟರುಗಳಿಗೆ ಕೊಡುವುದೆಂದು ಮಾತಾಗಿತ್ತು.

"ಒಪ್ಪದಿದ್ರೆ ಎಂತಾಗ್ತದೆ ಕಾಕ, ಮತ್ತೆ ಬಸ್ಸು ಉಂಟಲ್ಲ?"

ಅವರು ರಸ್ತೆಯ ಆಚೆ ಬದಿಗೆ ಗಲ್ಲ ಎತ್ತಿ ತೋರಿಸಿದರು. ಅಲ್ಲಿ ಹೊಸ ಸ್ಟಿಕ್ಕರ್ ಅಂಗಡಿ. "ಬಸ್ಸು ಎಲ್ಲಿ ಉಂಟು? ಈಗ ಎಲ್ಲ ಅಂಟಿಸುದು. ನವಿಲು ಕೂಡ ಕಂಪ್ಯೂಟರಿಂದ ಬರ್ತದೆ. ಇದೂ ಹೋದ್ರೆ ಶೆಡ್ ಬಾಗಿಲು ಹಾಕುದೇ. ಉಪ್ಪಿನಂಗಡಿಯಲ್ಲಿ ಅಳಿಯ ಅವನ ಚಪ್ಪಲಿ ಅಂಗಡಿಯಲ್ಲಿ ಕೂರ್ಲಿಕ್ಕೆ ಕರೀತಾ ಇದ್ದಾನೆ. ಈ ವಯಸ್ಸಿಗೆ ಊರಿನವರ ಕಾಲು ನೋಡಿಕೊಂಡು, ಏಳು ಬೇಕಾ ಎಂಟು ಬೇಕಾ ಕೇಳುದು."

ನಾನು ವಿಮಾನದ ಆಚೆ ಬದಿಗೆ ಹೋದೆ. ಅಲ್ಲಿ ಪೈಲಟ್ ಕೂರುವ ಜಾಗದ ಕೆಳಗೆ, ಬಿಳಿಯ ಅಕ್ಷರಕ್ಕೆ ಕೆಂಪು ನೆರಳು ಕೊಟ್ಟು, ದುಂಡಗೆ ಬರೆದಿತ್ತು: "ಆಸನ 1. ನಿಲ್ಲುವವರು 0." ಗಾಜಿನ ಮುಚ್ಚಳಕ್ಕೆ ಬಾಣ ತೋರಿಸಿ "ತುರ್ತು ನಿರ್ಗಮನ". ಅದರ ಪಕ್ಕ "ಕೈ ತಲೆ ಹೊರಗೆ ಹಾಕಬಾರದು". ಹಿಂದೆ, ಬೆಂಕಿ ಉಗುಳುವ ದೊಡ್ಡ ತೂತಿನ ಬಳಿ, "ಅಂತರ ಕಾಯ್ದುಕೊಳ್ಳಿ".

ನಾನು ನಕ್ಕು ನಕ್ಕು ಅಲ್ಲಿದ್ದ ಬಸ್ಸಿನ ಟಯರಿನ ಮೇಲೆ ಕುಳಿತೆ. ಕಾಕ ನಗಲಿಲ್ಲ.

"ಎಂತ ನಗುದು? ಇದು ಬರೆಯದೆ ಯಾವ ಗಾಡಿ ಪಾಸಾಗಿದೆ ಹೇಳು. ಇಷ್ಟು ವರ್ಷದಲ್ಲಿ ನನ್ನ ಒಂದು ಗಾಡಿ ವಾಪಸ್ ಬಂದದ್ದಿಲ್ಲ."

"ಕಾಕ, ಇದಕ್ಕೆ ನಿಲ್ಲುವವರು ಯಾರು?"

"ಅದಕ್ಕೇ ಸೊನ್ನೆ ಹಾಕಿದ್ದು."

ಆದರೂ ಅವರಿಗೆ ಒಳಗೊಳಗೇ ಅಳುಕು ಹುಟ್ಟಿರಬೇಕು. "ನೀನು ಆ ಸರ್ ಆಗು. ಪ್ರಶ್ನೆ ಕೇಳು. ನಾನು ಉತ್ತರ ಕೊಟ್ಟು ನೋಡ್ತೇನೆ" ಎಂದರು. ಆ ಮನುಷ್ಯರನ್ನು ನಾನು ಕಂಡವನೇ ಅಲ್ಲ. ಆದರೂ ಮಿಲಿಟರಿಯವರೆಂದರೆ ಹೀಗಿರಬೇಕೆಂದು ಎದೆ ಉಬ್ಬಿಸಿ, ಇಲ್ಲದ ಮೀಸೆ ತಿರುವಿ, ಗಂಟಲಿಗೆ ಜಲ್ಲಿಕಲ್ಲು ಹಾಕಿಕೊಂಡು ಗುಡುಗಿದೆ. "ಏನ್ರೀ ಇದು? ಯುದ್ಧವಿಮಾನವೋ, ಪುತ್ತೂರು ಸುಬ್ರಹ್ಮಣ್ಯ ಶಟಲ್ಲೋ? ಟಿಕೆಟ್ ಎಷ್ಟು? ನೆಟ್ಟಣದಲ್ಲಿ ನಿಲ್ಲುತ್ತದಾ?"

ಮಿಮಿಕ್ರಿ ಅಷ್ಟು ಚೆನ್ನಾಗಿ ಯಾವತ್ತೂ ಆಗಿರಲಿಲ್ಲ. ಕಾಕನ ಮುಖ ಇಳಿಯಿತು. ತಿನ್ನರ್ ಡಬ್ಬಿ, ಹಳೆ ಬನಿಯನ್ ಹಿಡಿದು ಹಿಂದಕ್ಕೆ ಹೋಗಿ, "ಅಂತರ ಕಾಯ್ದುಕೊಳ್ಳಿ" ಎಂದಿದ್ದಲ್ಲಿ ತಿಕ್ಕತೊಡಗಿದರು. "ಅಯ್ಯೋ ಕಾಕ, ತಮಾಷೆ ಮಾಡಿದ್ದು ಮಾರಾಯ್ರೆ" ಎಂದು ನಾನು ಬನಿಯನ್ ಹಿಡಿದು ಎಳೆಯುವಷ್ಟರಲ್ಲಿ ಆ ಬರಹ ಕೆಂಪು ಬಿಳಿ ಸೇರಿದ ಒಂದು ಕಲೆಯಾಗಿತ್ತು. ಆಗಲೇ ಗೇಟಿನೊಳಗೆ ಜೀಪು ಬಂತು.

ಇಳಿದವರಿಗೆ ಮೀಸೆ ಇರಲಿಲ್ಲ. ಉಬ್ಬಿದ ಎದೆಯೂ ಇರಲಿಲ್ಲ. ಬಿಳಿ ಪಂಚೆ, ಹವಾಯಿ ಚಪ್ಪಲಿ, ಸುಳ್ಯದ ಕಡೆಯ ಗೌಡರ ಮನೆಯ ಸಣಕಲು ಹಿರಿಯರು. ಮಾತಿನಲ್ಲಿ ಏರಿಳಿತವೇ ಇಲ್ಲ. ಇಂಥವರು ಮಿಮಿಕ್ರಿಯವರ ಹೊಟ್ಟೆಗೆ ಹೊಡೆಯುವವರು. ತಾನು ಹಾರಿಸಿದವನಲ್ಲ, ಇದೇ ಜಾತಿಯ ವಿಮಾನಗಳನ್ನು ನೆಲದಲ್ಲಿ ನೋಡಿಕೊಂಡವನು ಎಂದಷ್ಟೇ ಹೇಳಿ ಸುತ್ತು ಹಾಕಲು ಹೊರಟರು. ರೆಕ್ಕೆ ಬಂದಲ್ಲಿ, ನೋಡದೆಯೇ, ಅಭ್ಯಾಸದಿಂದ ತಲೆ ಬಗ್ಗಿಸಿ ದಾಟಿದರು. ಹಿಂದೆ ಹೋಗುತ್ತಿದ್ದ ನಾನು ದಾಟಲಿಲ್ಲ. ಹಣೆಯ ಸದ್ದು ಶೆಡ್ಡಿನ ತುಂಬ ಕೇಳಿತು.

"ಎಲ್ಲರಿಗೂ ಒಂದು ಸಲ ಆಗ್ತದೆ" ಎಂದರು ಅವರು, ತಿರುಗಿಯೂ ನೋಡದೆ.

"ಆಸನ 1. ನಿಲ್ಲುವವರು 0" ಎಂಬಲ್ಲಿ ಬಂದು ನಿಂತರು. ತುಂಬ ಹೊತ್ತು ಓದಿದರು. ಕಾಕ ಬನಿಯನ್ನನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದರು.

"ಇದು ಯಾಕೆ?"

"ಓವರ್‌ಲೋಡ್ ಆಗ್ಬಾರ್ದು ಅಂತ ಸರ್."

ಅವರ ನಗು ಮೊದಲು ಭುಜಕ್ಕೆ ಬಂತು, ಅಲ್ಲಿಂದ ಹೊಟ್ಟೆಗೆ ಇಳಿಯಿತು, ಬಾಯಿಗೆ ಕೊನೆಗೆ ಬಂತು. ಕಣ್ಣೊರೆಸಿಕೊಂಡು ಬಾಲದ ಕಡೆ ನಡೆದರು. ಕಲೆಯಾದ ಜಾಗಕ್ಕೆ ಬೆರಳಿಟ್ಟು ಕೇಳಿದರು. "ಇಲ್ಲಿ ಎಂತ ಇತ್ತು?"

ಕಾಕ ನನ್ನನ್ನು ನೋಡಿದರು. ನಾನು ಜೀಪನ್ನು ನೋಡಿದೆ.

"ಅಂತರ ಕಾಯ್ದುಕೊಳ್ಳಿ ಅಂತ ಇತ್ತು ಸರ್. ಬಸ್ಸಿಗೆ ಬರೆಯುದು. ತಪ್ಪಾಯ್ತು."

"ತಪ್ಪಲ್ಲ. ಅದೊಂದು ಬೇಕೇ ಬೇಕಿತ್ತು" ಎಂದರು ಅವರು. "ಎಂಜಿನ್ ಓಡುವಾಗ ಇದರ ಹಿಂದೆ ನಿಂತರೆ ಮನುಷ್ಯ ಉಳಿಯುದಿಲ್ಲ. ಇದರ ಮೈಯಲ್ಲಿ ಹಾಗೆ ಎಷ್ಟೋ ಬರಹ ಇತ್ತು ಮಾರಾಯ್ರೆ. ಇಲ್ಲಿ ಕಾಲಿಡಬಾರದು, ಇಲ್ಲಿ ತಳ್ಳಬಾರದು, ಇಲ್ಲಿ ಎಣ್ಣೆ ಹಾಕುದು ಅಂತ. ನಾವು ಅದನ್ನು ಓದಿಕೊಂಡೇ ಕೆಲಸ ಮಾಡಿದ್ದು. ಬಣ್ಣ ಚೆಂದ ಆಗಿದೆ. ಆದ್ರೆ ಬರಹ ಇಲ್ಲದೆ ಬೋಳು ಕಾಣ್ತದೆ."

"ಹಾಗಾದ್ರೆ ಫೇಲಾ ಸರ್?"

"ಬರೀರಿ. ನಾನು ಜಾಗ ತೋರಿಸ್ತೇನೆ."

ಬಸ್ಸಿನ ಬರಹಗಳನ್ನು ಕಾಕ ತಾವೇ ಅಳಿಸಿದರು. "ನಿಲ್ಲುವವರು 0" ಎಂಬುದಕ್ಕೆ ಮಾತ್ರ ಸ್ವಲ್ಪ ಹೊತ್ತು ಬೇಕಾಯಿತು, ಆ ಸೊನ್ನೆ ಅವರಿಗೆ ಬಹಳ ಚೆನ್ನಾಗಿ ಬಂದಿತ್ತು. ಆಮೇಲೆ ಕೆಲಸ ಶುರುವಾಯಿತು. ಹಿರಿಯರು ಕಣ್ಣು ಮುಚ್ಚಿ ನೆನಪಿಸಿಕೊಂಡು ಬೆರಳಿಡುವುದು, ಕಾಕ ಅಲ್ಲಿ ಪುಟ್ಟ ಪುಟ್ಟ ಅಕ್ಷರ ಬರೆಯುವುದು. ಸ್ಟಿಕ್ಕರ್ ಅಂಗಡಿಯ ಹುಡುಗನೂ ಬಂದು, ಇದನ್ನೆಲ್ಲ ಒಂದು ಗಂಟೆಯಲ್ಲಿ ಪ್ರಿಂಟ್ ಹೊಡೆದು ಕೊಡುವೆನೆಂದ. ಹಿರಿಯರು ಸಾಲುಸಾಲಾಗಿ ಉಬ್ಬಿದ್ದ ರಿವೆಟ್ಟುಗಳ ಮೇಲೆ ಅವನ ಕೈ ಹಿಡಿದು ಸವರಿಸಿದರು. "ಇದರ ಮೇಲೆ ಅಂಟಿಸಿದ್ದು ಒಂದು ಮಳೆಗೆ ಏಳ್ತದೆ. ಬ್ರಷ್ ಆದ್ರೆ ಈ ಗುಬ್ಬಿ ಹತ್ತಿ ಇಳೀತದೆ." ಹುಡುಗ ಹೋಗಲಿಲ್ಲ, ಅಲ್ಲೇ ನಿಂತು ಬ್ರಷ್ ಹತ್ತಿ ಇಳಿಯುವುದನ್ನು ನೋಡಿದ. ನನಗೆ ಬಣ್ಣದ ಡಬ್ಬಿ ಹಿಡಿಯುವ ಕೆಲಸ, ಬಾಯಿ ಮುಚ್ಚಿಕೊಂಡು.

ಸಂಜೆ ಹಿರಿಯರು ಇನ್ನೊಂದು ಸುತ್ತು ಬಂದು, ಎಮ್ಮೆಯ ಬೆನ್ನು ತಟ್ಟುವ ಹಾಗೆ ವಿಮಾನದ ಹೊಟ್ಟೆ ತಟ್ಟಿದರು. "ಪಾಸ್" ಎಂದರು. ನಾಳೆಯೇ ಒಯ್ಯಬಹುದೆಂದು ಶಾಲೆಗೆ ತಿಳಿಸುವುದಾಗಿ ಹೇಳಿ ಜೀಪು ಹತ್ತಿದರು.

ಜೀಪು ತಿರುವಿನಲ್ಲಿ ಮರೆಯಾಗುವವರೆಗೆ ಕಾಕ ಗೇಟಿನಲ್ಲಿ ನಿಂತಿದ್ದರು. ಆಮೇಲೆ ಬಣ್ಣದ ಕೈಯಲ್ಲೇ ಮೊಬೈಲ್ ತೆಗೆದು ಅಳಿಯನಿಗೆ ಫೋನ್ ಮಾಡಿದರು. ಮಾತು ಬ್ಯಾರಿ ಭಾಷೆಯಲ್ಲಿ, ಆದರೆ ನನಗೆ ಅರ್ಥವಾಗುತ್ತದೆ. ಅಂಗಡಿಯಲ್ಲಿ ಕೂರಲು ಬೇರೆ ಯಾರನ್ನಾದರೂ ನೋಡಿಕೋ ಎಂದರು. ಯಾಕೆಂದು ಅವನು ಕೇಳಿರಬೇಕು.

"ನನಗೆ ಪುರ್ಸೊತ್ತಿಲ್ಲ" ಎಂದರು ಕಾಕ, ನನ್ನ ಸ್ಕೂಟರಿನ ಮಡ್‌ಗಾರ್ಡ್ ನೋಡುತ್ತ.