ಗಾರೆ ಬಳಿಯದ ಮನೆ

ಚಿಕ್ಕಬಳ್ಳಾಪುರ ಜಿಲ್ಲೆಯಾದ ಹೊಸದರಲ್ಲಿ ನಾನು ಅಲ್ಲಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಒಂದು ಮನೆ ಉಳಿಯಲಿ ಎಂದು ಆಗ ಒಂದು ಅರ್ಜಿ ಬರೆದೆ. ಆ ಅರ್ಜಿಯಿಂದಲೇ ಮನೆ ಬಿತ್ತು.

ಮನೆ ನಮ್ಮ ಕಾಲೇಜಿನ ಲೈಬ್ರರಿಯನ್ ಹುಟ್ಟಿ ಬೆಳೆದದ್ದು. ಅವರ ತಂದೆಗೆ ನಂದಿ ಕಡೆ ಇಟ್ಟಿಗೆ ಗೂಡು ಇತ್ತಂತೆ. ಐವತ್ತರ ದಶಕದಲ್ಲಿ, ಊರಾಚೆ ಬರೀ ರಾಗಿ ಹೊಲಗಳಿದ್ದ ಕಾಲದಲ್ಲಿ, ತಮ್ಮ ಗೂಡಿನಲ್ಲಿ ಚೆನ್ನಾಗಿ ಬೆಂದ ಇಟ್ಟಿಗೆಗಳನ್ನೇ ಆರಿಸಿ ಕಟ್ಟಿಸಿದ್ದರು. ಹೊರಗೋಡೆಗೆ ಗಾರೆ ಬಳಿಸಲಿಲ್ಲ. ದುಡ್ಡು ಸಾಲದೆ ಬಿಟ್ಟಿದ್ದಾನೆ ಎಂದು ನೆಂಟರು ಆಡಿಕೊಂಡರೆ, "ನನ್ನ ಇಟ್ಟಿಗೆ ಏನು ತಪ್ಪು ಮಾಡೈತೆ ಮುಖ ಮುಚ್ಚಿಕೊಳ್ಳೋಕೆ?" ಅನ್ನುತ್ತಿದ್ದರಂತೆ. ಅಡುಗೆಮನೆ ಕಿಟಕಿಯ ಮೇಲಿನ ಒಂದು ಇಟ್ಟಿಗೆಯಲ್ಲಿ ಮೇಕೆಯ ಗೊರಸು ಮೂಡಿತ್ತು. ಹಸಿಯಾಗಿದ್ದಾಗ ತುಳಿದು ಹೋದದ್ದು. ಅದನ್ನೂ ಬೇಕೆಂದೇ ಹೊರಮುಖವಾಗಿ ಇಡಿಸಿದ್ದರು.

ಸುತ್ತ ತೋಟ. ಇಟ್ಟಿಗೆಯನ್ನು ಅಡ್ಡಡ್ಡ ಹೂತು ಮಾಡಿದ ಕಾಲುದಾರಿ, ಸಂಪಿಗೆ ಮರಕ್ಕೆ ದುಂಡನೆಯ ಕಟ್ಟೆ, ಬಾವಿ, ಹಿತ್ತಲಲ್ಲಿ ದ್ರಾಕ್ಷಿ ಚಪ್ಪರ. ತಂದೆ ಹೋದ ಮೇಲೆ ತೋಟವನ್ನು ನೋಡಿಕೊಂಡವರು ಮಗಳಾದ ಇವರೊಬ್ಬರೇ. ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಮನೆ ಅಣ್ಣನ ಹೆಸರಿನಲ್ಲಿತ್ತು. ಅಣ್ಣನ ಸಂಸಾರದ ಜೊತೆ ಇವರದೂ ಒಂದು ಕೋಣೆ.

ಭಾನುವಾರಗಳಂದು ಹೋಗುತ್ತಿದ್ದೆ. ಒಮ್ಮೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಗೋಡೆ, ಜಗಲಿ, ಕಿಟಕಿ ಎಲ್ಲವನ್ನೂ ಅಳತೆ ಮಾಡಿಸಿದೆ. "ಅಂಬಾಜಿದುರ್ಗಕ್ಕೆ ಹೋಗಣ ಮೇಡಂ. ಈ ಮನೇಲಿ ಏನು ಹಿಸ್ಟರಿ ಐತೆ?" ಎಂದು ಒಬ್ಬಳು ಕೇಳಿದಳು. ಕೋಟೆಯನ್ನು ಯಾರಾದರೂ ಕಾಯುತ್ತಾರೆ, ಇಂಥ ಮನೆಗಳನ್ನು ಯಾರೂ ಕಾಯುವುದಿಲ್ಲ ಎಂದೆ. ನನ್ನ ಮಾತು ನನಗೇ ಹಿಡಿಸಿತು. ಅದೇ ವಾರ ಫೋಟೊಗಳನ್ನು ಲಗತ್ತಿಸಿ, ಇದನ್ನು ಪಾರಂಪರಿಕ ಕಟ್ಟಡವೆಂದು ಪರಿಗಣಿಸಬೇಕು ಎಂದು ಸರ್ಕಾರಕ್ಕೆ ಅರ್ಜಿ ಬರೆದೆ.

ಲೈಬ್ರರಿಯನ್‌ಗೆ ತೋರಿಸಿದಾಗ ಅವರು ಎರಡು ಸಲ ಓದಿದರು. "ಅಣ್ಣನ್ನ ಒಂದ್ಮಾತು ಕೇಳಣ ಮೇಡಂ" ಅಂದರು.

"ಮೊದಲು ಉತ್ತರ ಬರ್ಲಿ. ಆಮೇಲೆ ಹೇಳಿದ್ರಾಯ್ತು."

ಅವರು ಸುಮ್ಮನಾದರು. ಅದನ್ನೇ ಒಪ್ಪಿಗೆ ಎಂದುಕೊಂಡೆ.

ತಿಂಗಳ ಮೇಲೆ ಕಚೇರಿಯಿಂದ ಯಾರೋ ಮನೆ ನೋಡಲು ಬಂದರಂತೆ. ನಾವಿಬ್ಬರೂ ಕಾಲೇಜಿನಲ್ಲಿದ್ದೆವು, ಅಣ್ಣ ಮನೆಯಲ್ಲಿದ್ದರು. ಅರ್ಜಿಯ ವಿಷಯ ಅವರಿಗೆ ಗೊತ್ತಾದದ್ದು ಹಾಗೆ. ಪಟ್ಟಿಗೆ ಸೇರಿದರೆ ಒಂದು ಮೊಳೆ ಹೊಡೆಯುವುದಕ್ಕೂ ಅಪ್ಪಣೆ ಬೇಕು, ಮಾರುವ ಹಾಗೂ ಇಲ್ಲ ಎಂದು ಅಕ್ಕಪಕ್ಕದವರು ಹೆದರಿಸಿದರು. ಸಂಜೆ ಅಣ್ಣ ನಾನಿದ್ದ ಬಾಡಿಗೆ ಮನೆಗೆ ಬಂದರು. ಒಳಗೆ ಕರೆದರೂ ಬರದೆ ಗೇಟಿನ ಹತ್ತಿರವೇ ನಿಂತರು.

"ನಮ್ಮಪ್ಪನ ಮನೆ ಮೇಲೆ ಅರ್ಜಿ ಹಾಕೋಕೆ ನೀವ್ಯಾರಮ್ಮ?"

"ಮನೆ ಉಳೀಲಿ ಅಂತ ಸಾರ್..."

"ನಾನೇನು ಕೆಡವಿದ್ನಾ? ಮಗಳಿಗೆ ಒಂದು ಮಹಡಿ ಕಟ್ಟಿಸ್ಬೇಕು, ಇನ್ನೂ ನಾಲ್ಕೈದು ವರ್ಷ ಹೋಗ್ಲಿ ಅಂತ ಸುಮ್ಕಿದ್ದೆ. ಈಗ ಕಾದ್ರೆ ನನ್ ಕೈಲಿರ್ತದಾ? ಗೌರ್ಮೆಂಟು ಒಳಗೆ ಬಂದ್ರೆ ಹೊರಗೆ ಹೋಗ್ತದಾ?"

ನಾನು ಅರ್ಜಿ ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ. ಅವರು ಅದನ್ನು ಕೇಳಿಸಿಕೊಳ್ಳಲೂ ಇಲ್ಲ.

ಮೂರನೆಯ ದಿನ, ಹನ್ನೊಂದು ಗಂಟೆಗೆ, ಲೈಬ್ರರಿಗೆ ಅತ್ತಿಗೆಯ ಫೋನ್ ಬಂತು. ಇಬ್ಬರೂ ಆಟೋದಲ್ಲಿ ಹೋದೆವು. ಜೆಸಿಬಿ ಒಳಗೆ ಬರಲು ದಾರಿ ಬೇಕೆಂದು ಮೊದಲು ಕಾಂಪೌಂಡನ್ನೂ ತೋಟವನ್ನೂ ತೆಗೆದಿದ್ದರು. ಸಂಪಿಗೆ ಮರ ಬೇರು ಮೇಲಾಗಿ ಬಿದ್ದಿತ್ತು. ಚಪ್ಪರದ ಕಲ್ಲುಕಂಬಗಳು ಮುರಿದು ಬಾವಿಯೊಳಕ್ಕೆ ಹೋಗಿದ್ದವು. ಅಣ್ಣ ರಸ್ತೆಯ ಆಚೆ ಬದಿ, ಹೊರಗೆ ತಂದಿಟ್ಟ ಮನೆ ಸಾಮಾನಿನ ಪಕ್ಕ ನಿಂತಿದ್ದರು. ಅವರ ಮುಖವೂ ಸತ್ತವರ ಮನೆಯ ಮುಂದೆ ನಿಂತವರ ಮುಖದಂತಿತ್ತು.

ಲೈಬ್ರರಿಯನ್ ಅಳಲಿಲ್ಲ. ಡ್ರೈವರನ್ನು ಕೈಯೆತ್ತಿ ನಿಲ್ಲಿಸಿ, "ಒಂದೈದು ನಿಮಿಷ ಇರಪ್ಪ" ಅಂದರು. ಹಿತ್ತಲಿಗೆ ಹೋಗಿ ತಂತಿಯ ಮೇಲೆ ಒಣಗುತ್ತಿದ್ದ ಬಟ್ಟೆಗಳನ್ನು ತೆಗೆದು, ಧೂಳು ಕೊಡವಿ, ಒಂದೊಂದಾಗಿ ಮಡಿಸಿದರು. ಅಣ್ಣನ ಅಂಗಿಗಳನ್ನೂ ಮಡಿಸಿದರು. ಎಲ್ಲವನ್ನೂ ಎದೆಗವಚಿಕೊಂಡು ಈಚೆ ಬಂದ ಮೇಲೆ ಯಂತ್ರ ಮತ್ತೆ ಸದ್ದು ಮಾಡಿತು.

ನಡುವೆ ಸಿಮೆಂಟಿಲ್ಲದೆ ಬರೀ ಸುಣ್ಣ ಮೆತ್ತಿ ಕಟ್ಟಿದ್ದರಿಂದ ಇಟ್ಟಿಗೆಗಳು ಒಡೆಯದೆ ಬಿಡಿಬಿಡಿಯಾಗಿ ಕಳಚಿಕೊಂಡವು. ಗೌರಿಬಿದನೂರು ಕಡೆಯ ಒಬ್ಬರು ಕೋಳಿ ಶೆಡ್ಡಿಗೆಂದು ಲಾರಿ ತುಂಬಿಸಿಕೊಂಡು ಹೋದರು.

ಅರ್ಜಿಯಲ್ಲಿ ತಂಗಿಯೂ ಸೇರಿದ್ದಳು ಎಂದು ಅಣ್ಣ ಅವಳೊಡನೆ ಮಾತು ಬಿಟ್ಟರು. ಲೈಬ್ರರಿಯನ್ ಶಿಡ್ಲಘಟ್ಟದಲ್ಲಿ ಒಂದು ಕೋಣೆ ಹಿಡಿದು ಬಸ್ಸಿನಲ್ಲಿ ಓಡಾಡತೊಡಗಿದರು. ನನ್ನ ಪುಸ್ತಕಗಳಿಗೆ ಎಂದಿನಂತೆ ಸೀಲು ಹಾಕಿ ಕೊಡುತ್ತಿದ್ದರು. ಒಂದು ಮಧ್ಯಾಹ್ನ, ಯಾರೂ ಇಲ್ಲದಾಗ, ಕ್ಷಮಿಸಿ ಎಂದೆ.

"ನೀವು ಬರೀದೇ ಇದ್ದಿದ್ರೂ ಬೀಳ್ತಿತ್ತು ಬಿಡಿ ಮೇಡಂ" ಅಂದರು. ರಿಜಿಸ್ಟರ್ ಮುಚ್ಚಿದರು. "ಆದ್ರೆ ನಾನು ರಿಟೈರ್ ಆಗೋವರ್ಗೂ ಇರ್ತಿತ್ತು. ನಂಗೆ ಅಷ್ಟೇ ಬೇಕಾಗಿದ್ದು."

ಆಮೇಲೆ ಕಚೇರಿಯ ಉತ್ತರ ಬಂತು. ಕಟ್ಟಡ ಪಟ್ಟಿಗೆ ಸೇರಿಸುವಷ್ಟು ಹಳೆಯದಲ್ಲವಾದ್ದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ ಎಂದಿತ್ತು. ಆ ಮನೆಯನ್ನು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ, ಅಣ್ಣ ಹೆದರಬೇಕಾಗಿರಲೇ ಇಲ್ಲ. ಕಾಗದವನ್ನು ಅವರಿಗೂ ತೋರಿಸಲಿಲ್ಲ, ಲೈಬ್ರರಿಯನ್‌ಗೂ ತೋರಿಸಲಿಲ್ಲ. ಅವರಿಗೆ ಇನ್ನಷ್ಟು ನೋವಾಗುತ್ತದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜವಾಗಿ, ನನಗೆ ಹೆದರಿಕೆಯಾಗಿತ್ತು.

ಲೈಬ್ರರಿಯನ್ ನಿವೃತ್ತರಾದ ದಿನ ಬೀಳ್ಕೊಡುಗೆಯಲ್ಲಿ ಕಾಲೇಜಿನವರು ನನಗೆ ಮಾತಾಡಲು ಹೇಳಿದರು. ಲೈಬ್ರರಿಯ ಬಗ್ಗೆ ಏನೇನೋ ಮಾತಾಡಿದೆ. ಅವರು ಮಡಿಲು ನೋಡುತ್ತಾ ಕೇಳಿಸಿಕೊಂಡರು. ಮಾರನೆಯ ವರ್ಷ ಶಿಡ್ಲಘಟ್ಟದ ಕೋಣೆಗೆ ಹೋದೆ, ಬೀಗ ಹಾಕಿತ್ತು. ಚಿಂತಾಮಣಿಯಲ್ಲಿ ಚಿಕ್ಕಮ್ಮನ ಮಗಳ ಮನೆಗೆ ಹೋಗಿದ್ದಾರೆ ಎಂದು ಹೇಳಿ, ಮನೆಯೊಡತಿ ಒಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟಳು. ಬಸ್ ಸ್ಟ್ಯಾಂಡಿಗೆ ಬಂದಾಗ ಚಿಂತಾಮಣಿ ಬಸ್ಸು ನಿಂತಿತ್ತು. ನಾನು ಹತ್ತಲಿಲ್ಲ.